ಹಾಯಿದೋಣಿಯ ಗಾಳಿಪೆಟ್ಟಿಗೆ ಸೋರುತ್ತಿದೆಯಾ? ಮೊದಲು ತೂತು ನೋಡಿ, ಆಮೇಲೆ ಟ್ಯೂಬ್ ಹಿಡಿಯಿರಿ

ಶನಿವಾರ ರಾತ್ರಿ ಹತ್ತಕ್ಕೆ ಗೋವಾದಿಂದ ಮಾಮಾನ ಫೋನು. "ತಮ್ಮಾ, ನಿನ್ನ ಶೆಡ್ಡಿನ್ಯಾಗ ಛಲೋ ಸಿಲಿಕಾನ್ ಇದ್ರ ನಾಕ್ ಟ್ಯೂಬ್ ತಗೊಂಡ್ ಬಾ. ಹಾಸಿಗಿ ಮತ್ತ ತೊಯ್ದು ತೊಪ್ಪಿ ಆಗೇತಿ."

ಮಾಮಾ ಹಡಗಿನ ನೌಕರಿ ಬಿಟ್ಟ ಮೇಲೆ ಒಂದು ಹಳೆಯ 30 ಅಡಿಯ ಫೈಬರ್ ಹಾಯಿದೋಣಿ ಕೊಂಡಿದ್ದಾರೆ. ಚಳಿಗಾಲದಲ್ಲಿ ಗೋವಾದಿಂದ ಕಾರವಾರಕ್ಕೆ ಹೋಗಿ ಬರುವುದು ಅವರ ಚಟ. ನನ್ನದು ಬೆಳಗಾವಿಯ ಉದ್ಯಮಬಾಗಿನಲ್ಲಿ ಸಣ್ಣ ಫ್ಯಾಬ್ರಿಕೇಶನ್ ಶೆಡ್ಡು. ಸಮುದ್ರ ನನಗೆ ಅಷ್ಟಕ್ಕಷ್ಟೇ. ಆದರೆ ಚೋರ್ಲಾ ಘಾಟ್ ಇಳಿದರೆ ಮೂರು ತಾಸಿನ ದಾರಿ, ಮೇಲಾಗಿ ಮಾಮಾ ಕರೆದರೆ ಇಲ್ಲ ಅನ್ನೋಕೆ ಆಗುವುದಿಲ್ಲ. ಹೋದೆ. ಸಂದು ಮುಚ್ಚುವ ಆ ಸಿಲಿಕಾನ್ ಅಂಟು ಮಾತ್ರ ಒಯ್ಯಲಿಲ್ಲ. ಡೆಕ್ (ದೋಣಿಯ ಮೇಲ್ಹಾಸು) ಮೇಲಿನ ಗಾಳಿಪೆಟ್ಟಿಗೆಯಿಂದ ಹಾಸಿಗೆಗೆ ನೀರು ತೊಟ್ಟಿಕ್ಕುತ್ತದೆ ಅಂತ ಅದಕ್ಕೂ ಮೊದಲು ಎರಡು ವರ್ಷದಲ್ಲಿ ಮೂರು ಸಲ ಅದನ್ನೇ ಬಳಿದು ಆಗಿತ್ತು. ಮೂರು ಸಲ ಬಳಿದ ಮೇಲೂ ಸೋರುತ್ತಿದ್ದರೆ ತಪ್ಪು ಬೇರೆ ಕಡೆ ಇದೆ ಅಂತ ತಾನೆ?

ಇದೇ ತರಹದ ಗಾಳಿಪೆಟ್ಟಿಗೆ ಇರುವ ದೋಣಿ ನಿಮ್ಮದೂ ಆಗಿದ್ದರೆ, ನಾವು ಹುಡುಕಿದ ದಾರಿ ಉಪಯೋಗಕ್ಕೆ ಬರಬಹುದು.

ಈ ಪೆಟ್ಟಿಗೆಯ ಕೆಲಸ ಏನು

ದೋಣಿಯ ಒಳಗೆ ಗಾಳಿ ಬೇಕು. ಕಿಟಕಿ ತೆಗೆದರೆ ಅಲೆಯ ನೀರು ಒಳಗೆ ಬರುತ್ತದೆ. ಹಾಗಾಗಿ ಡೆಕ್ ಮೇಲೆ ಗ್ರಾಮಫೋನಿನ ಬಾಯಿಯಂತಹ ಒಂದು ಕೊಳವೆ ಇಡುತ್ತಾರೆ. ಅದಕ್ಕೆ ಕೌಲ್ ಅನ್ನುತ್ತಾರೆ. ಕೌಲ್ ನೇರವಾಗಿ ಕ್ಯಾಬಿನ್‌ಗೆ ಇಳಿದರೆ ಗಾಳಿಯ ಜೊತೆ ನೀರೂ ಇಳಿಯುತ್ತದೆ. ಅದಕ್ಕೇ ಮಧ್ಯೆ ಒಂದು ಪೆಟ್ಟಿಗೆ. ಕೌಲ್ ಪೆಟ್ಟಿಗೆಯ ಮುಂದಿನ ಭಾಗಕ್ಕೆ ಇಳಿಯುತ್ತದೆ. ಕ್ಯಾಬಿನ್‌ಗೆ ಹೋಗುವ ಪೈಪು ಹಿಂದಿನ ಭಾಗದಲ್ಲಿ, ತಳದಿಂದ ಸ್ವಲ್ಪ ಮೇಲೆದ್ದು ನಿಂತಿರುತ್ತದೆ. ಗಾಳಿ ಪೆಟ್ಟಿಗೆಯಲ್ಲಿ ಸುತ್ತಿ ಪೈಪಿನೊಳಗೆ ಇಳಿಯುತ್ತದೆ. ನೀರು ಭಾರ, ಅದು ತಳಕ್ಕೆ ಬೀಳುತ್ತದೆ. ತಳದ ಮೂಲೆಯಲ್ಲಿರುವ ತೂತುಗಳಿಂದ ಮತ್ತೆ ಡೆಕ್ ಮೇಲೆ ಹರಿದು ಹೋಗುತ್ತದೆ.

ಇದಕ್ಕೆ ಡೊರೇಡ್ ಪೆಟ್ಟಿಗೆ ಅಂತ ಹೆಸರು. 1930ರಲ್ಲಿ ನ್ಯೂಯಾರ್ಕಿನ ಸಿಟಿ ಐಲ್ಯಾಂಡ್‌ನಲ್ಲಿ ಕಟ್ಟಿದ 52 ಅಡಿಯ ಡೊರೇಡ್ ಅನ್ನುವ ಹಾಯಿದೋಣಿಯಿಂದ ಬಂದ ಹೆಸರು. ದೋಣಿಯ ವಿನ್ಯಾಸ ಒಲಿನ್ ಸ್ಟೀಫನ್ಸ್ ಅವರದು, ಪೆಟ್ಟಿಗೆಯ ಉಪಾಯ ಅವರ ತಮ್ಮ ರಾಡ್ ಸ್ಟೀಫನ್ಸ್ ಅವರದು. 1931ರಲ್ಲಿ ಆ ದೋಣಿ ಅಟ್ಲಾಂಟಿಕ್ ದಾಟುವ ಪಂದ್ಯ ಗೆದ್ದಿತು.

ಮಾಮಾ ಇದನ್ನು ವಿವರಿಸುವಾಗ ನನಗೆ ನೆನಪಾಗಿದ್ದು ಇಳಕಲ್ ಹತ್ತಿರದ ಅಜ್ಜಿಯ ಮನೆ. ಮಣ್ಣಿನ ಮಾಳಿಗೆ, ಅದರಲ್ಲಿ ಒಂದು ಬೆಳಕಿಂಡಿ. ಕಿಂಡಿಯ ಸುತ್ತ ಗೇಣೆತ್ತರದ ಕಟ್ಟೆ. ಮಾಳಿಗೆ ಮೇಲೆ ಎಷ್ಟೇ ನೀರು ಹರಿದರೂ ಕಟ್ಟೆ ದಾಟಿ ಒಳಗೆ ಬರುತ್ತಿರಲಿಲ್ಲ. ಅಂಚಿನಲ್ಲಿದ್ದ ನೀರು ಬೀಳುವ ಕೊಳವೆಗೆ ಕಸ ಸಿಕ್ಕಿಕೊಂಡಾಗ ಮಾತ್ರ ಗದ್ದಲ. ಆಗ ಅಜ್ಜಿ "ಕಿಂಡಿ ಸೋರಾಕತ್ತೇತಿ" ಅಂತ ಕೂಗುತ್ತಿದ್ದಳು. ಅಜ್ಜ ಕಿಂಡಿಯ ಕಡೆ ತಿರುಗಿಯೂ ನೋಡದೆ ಕೋಲು ಹಿಡಿದು ಕೊಳವೆ ಚುಚ್ಚಲು ಹೋಗುತ್ತಿದ್ದ.

ಡೊರೇಡ್ ಪೆಟ್ಟಿಗೆಯದೂ ಇದೇ ಲೆಕ್ಕ. ಅದು ನೀರನ್ನು ತಡೆಯುವ ಪೆಟ್ಟಿಗೆ ಅಲ್ಲ. ನೀರು ಒಳಗೆ ಬರಲಿ ಅಂತಲೇ ಮಾಡಿದ್ದು, ಬಂದಿದ್ದು ಹೊರಗೆ ಹೋಗಬೇಕು ಅಷ್ಟೇ. ಆದ್ದರಿಂದ ತೊಟ್ಟಿಕ್ಕಿತು ಅಂದರೆ ಮೊದಲ ಪ್ರಶ್ನೆ "ಎಲ್ಲಿಂದ ಬಂತು" ಅಲ್ಲ, "ಯಾಕೆ ಹೊರಗೆ ಹೋಗಲಿಲ್ಲ".

ಯಾವಾಗ ತೊಟ್ಟಿಕ್ಕುತ್ತದೆ?

ಸ್ಪಾನರ್ ಮುಟ್ಟುವ ಮೊದಲು ಇದನ್ನು ಕೇಳಿ. ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಗಾಳಿಗೆ ಎದುರಾಗಿ ಓಡಿಸುವಾಗ ಮಾತ್ರ ಸೋರಿದರೆ ಅದು ಕೌಲ್‌ನಿಂದ ಬಂದ ಅಲೆಯ ನೀರು, ಅಂದರೆ ಪೆಟ್ಟಿಗೆಯೊಳಗಿನ ದೋಷ. ಲಂಗರು ಹಾಕಿ ನಿಂತಾಗ, ಮಳೆಯಲ್ಲಿ ಸೋರಿದರೆ ಪೆಟ್ಟಿಗೆ ಅಥವಾ ಪೈಪು ಡೆಕ್‌ಗೆ ಕೂತಿರುವ ಕಡೆ ಅಂಟು ಬಿಟ್ಟಿರುವ ಸಾಧ್ಯತೆ ಜಾಸ್ತಿ. ಮಳೆಯೂ ಇಲ್ಲ, ಅಲೆಯೂ ಇಲ್ಲ, ಬೆಳಗಿನ ಜಾವ ನಾಲ್ಕು ಹನಿ ಬಿದ್ದಿವೆ ಅಂದರೆ ಅದು ಸೋರಿಕೆಯೇ ಅಲ್ಲದಿರಬಹುದು. ಒಳಗೆ ಮಲಗಿದವರ ಉಸಿರಿನ ತೇವ ತಣ್ಣನೆಯ ಲೋಹದ ಪೈಪಿಗೆ ತಾಗಿ ಹನಿಯಾಗುತ್ತದೆ. ಅನುಮಾನ ಇದ್ದರೆ ಅಂಗೈಯಷ್ಟು ಅಲ್ಯೂಮಿನಿಯಂ ಫಾಯಿಲನ್ನು ಪೈಪಿನ ಪಕ್ಕ ಛಾವಣಿಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ. ಬೆಳಗ್ಗೆ ಫಾಯಿಲಿನ ನಿಮ್ಮ ಕಡೆಯ ಮುಖ ಒದ್ದೆ ಇದ್ದರೆ ಅದು ಉಸಿರಿನ ನೀರು. ಹಿಂದಿನ ಮುಖ ಒದ್ದೆ ಇದ್ದರೆ ಡೆಕ್‌ನಿಂದ ಬಂದದ್ದು.

ನಾಲಿಗೆಗೂ ಒಂದು ಹನಿ ಹಚ್ಚಿ ನೋಡಿ. ಉಪ್ಪಿಲ್ಲದಿದ್ದರೆ ಮಳೆ ಅಥವಾ ಉಸಿರು. ಉಪ್ಪಿದ್ದರೆ ಮಾತ್ರ ಪೂರಾ ನಂಬಬೇಡಿ. ಮಳೆನೀರು ಡೆಕ್ ಮೇಲಿನ ಹಳೆಯ ಉಪ್ಪು ತೊಳೆದುಕೊಂಡು ಇಳಿದರೂ ಉಪ್ಪುಪ್ಪೇ ಇರುತ್ತದೆ.

ಮಾಮಾನ ಉತ್ತರ ಸ್ಪಷ್ಟವಾಗಿತ್ತು. ಕಾರವಾರಕ್ಕೆ ಹೋಗುವಾಗ ಒಂದು ಹನಿಯೂ ಇಲ್ಲ. ವಾಪಸ್ ಬರುವಾಗ ಮಧ್ಯಾಹ್ನದ ಮೇಲೆ ಸೋರುತ್ತದೆ, ಅದೂ ಬಲಗಡೆಯ ಪೆಟ್ಟಿಗೆ ಮಾತ್ರ. ಈ ಕರಾವಳಿಯಲ್ಲಿ ಮಧ್ಯಾಹ್ನದ ಸಮುದ್ರದ ಗಾಳಿ ವಾಯವ್ಯದಿಂದ ಬೀಸುತ್ತದೆ. ಉತ್ತರಕ್ಕೆ ಬರುವವನಿಗೆ ಅದು ಎಡ ಮುಂಭಾಗದಿಂದ ಹೊಡೆಯುತ್ತದೆ, ದೋಣಿ ಬಲಕ್ಕೆ ವಾಲುತ್ತದೆ. ವಾಲಿದ ಕಡೆಯ ಪೆಟ್ಟಿಗೆಯೇ ಸೋರುತ್ತಿದೆ. ಇಷ್ಟು ಗೊತ್ತಾದ ಮೇಲೆ ಸಿಲಿಕಾನ್ ಮಾತು ಅಲ್ಲಿಗೇ ಬಿಟ್ಟೆವು.

ಪೆಟ್ಟಿಗೆ ಬಿಚ್ಚಿದಾಗ

ಎಂಟು ಸ್ಕ್ರೂ ತೆಗೆದು ತೇಗದ ಪೆಟ್ಟಿಗೆ ಎತ್ತಿ ಮಗುಚಿದೆ. ಹಿಂಬದಿಯ ಎರಡು ಮೂಲೆಗಳಲ್ಲಿ ಒಂದೊಂದು ತೂತು. ಪೆನ್ಸಿಲ್ ಕೂಡ ಹೋಗದಷ್ಟು ಸಣ್ಣವು, 6 ಮಿ.ಮೀ. ಒಳಬದಿಯ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಮಳೆಗಾಲದಲ್ಲಿ ದೋಣಿ ದಡದ ಮೇಲೆ ನಿಂತಿದ್ದಾಗ ಕಟ್ಟಿರಬೇಕು. ಹೊರಬದಿಯದು, ಅಂದರೆ ಬಲಕ್ಕೆ ವಾಲಿದಾಗ ಕೆಳಗೆ ಬರುವ ತೂತು, ಮೊದಲು ಕಣ್ಣಿಗೇ ಬೀಳಲಿಲ್ಲ. ಉಗುರಿನಿಂದ ಕೆರೆದರೆ ರಬ್ಬರಿನಂತೆ ಎದ್ದು ಬಂತು. ಕಂದು ಬಣ್ಣದ ಸಿಲಿಕಾನ್. ತೇಗಕ್ಕೆ ಅಷ್ಟು ಚೆನ್ನಾಗಿ ಹೊಂದಿಕೊಂಡಿತ್ತು. ಹಿಂದೆ ಯಾರೋ ರಿಪೇರಿಯವರು "ಇಲ್ಲಿಂದ ನೀರು ಬರುತ್ತಿದೆ" ಅಂದುಕೊಂಡು ನೀಟಾಗಿ ಮುಚ್ಚಿಬಿಟ್ಟಿದ್ದರು. ಅಲ್ಲಿಂದ ನೀರು ಬರುತ್ತಿತ್ತು, ನಿಜ. ಬರಬೇಕಾದದ್ದೇ ಅಲ್ಲಿಂದ.

"ಇದಕ್ಕ ನಾ ರೊಕ್ಕಾ ಬ್ಯಾರೆ ಕೊಟ್ಟೇನಲ್ಲೋ" ಅಂದರು ಮಾಮಾ.

ತೂತು ಬಿಡಿಸಿ ಅಲ್ಲಿಗೇ ಮುಗಿಸಬಹುದಿತ್ತು. ಆದರೆ 6 ಮಿ.ಮೀ. ತೂತು ಸಾಕಾ ಅನ್ನುವ ಅನುಮಾನ ನನಗೆ. ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬೆಳಗಾವಿಗೆ ಬಂದೆ. ಡೆಕ್ ಮೇಲಿನ ಪೈಪಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಗಟ್ಟಿಯಾಗಿ ಕಟ್ಟಿ ಬಂದಿದ್ದೆ.

ಐದು ಇಟ್ಟಿಗೆ, ಒಂದು ಮಗ್

ಶೆಡ್ಡಿನಲ್ಲಿ ಮೀಟರ್ ಉದ್ದದ ಪ್ಲೈವುಡ್ ಹಲಗೆ ತಗೊಂಡು ಅದಕ್ಕೆ 75 ಮಿ.ಮೀ. ಪಿವಿಸಿ ಪೈಪಿನ ತುಂಡು ಕೂರಿಸಿದೆವು. ದೋಣಿಯಲ್ಲಿದ್ದಷ್ಟೇ ಎತ್ತರ, ತಳದಿಂದ 6 ಸೆಂ.ಮೀ. ಪೆಟ್ಟಿಗೆಯ ಹೊರಗೋಡೆಗೆ ಎರಡೇ ಸೆಂ.ಮೀ. ದೂರ, ಅಲ್ಲಿದ್ದ ಹಾಗೆಯೇ. ಮೇಲೆ ಪೆಟ್ಟಿಗೆ ಇಟ್ಟು ಅಂಚಿಗೆ ಪುಟ್ಟಿ ಮೆತ್ತಿದೆವು. ತೂತುಗಳನ್ನು ಬೇಕಂತಲೇ ಮುಚ್ಚಿದೆವು. ಕೌಲ್ ಕೂರುವ ಬಾಯಿಯಿಂದ ಒಂದೊಂದೇ ಲೀಟರ್ ಮಗ್ ನೀರು ಸುರಿಯುವುದು, ಪೈಪಿನ ಕೆಳಗೆ ಬಕೆಟ್ ಇಟ್ಟು ಕಾಯುವುದು.

ಹಲಗೆ ಸಮವಾಗಿದ್ದಾಗ ಏಳು ಮಗ್ ಹತ್ತಿರ ಹಿಡಿಯಿತು. ಪೆಟ್ಟಿಗೆ ಒಳಗೆ 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಲೆಕ್ಕಕ್ಕೆ ಸರಿಯಾಗೇ ಇದೆ.

ಆಮೇಲೆ ಹಲಗೆಯ ಒಂದು ತುದಿಗೆ ಐದು ಇಟ್ಟಿಗೆ ಇಟ್ಟೆವು. ಮೀಟರ್ ಹಲಗೆಯನ್ನು 34–35 ಸೆಂ.ಮೀ. ಎತ್ತಿದರೆ ಸುಮಾರು 20 ಡಿಗ್ರಿ ವಾಲುತ್ತದೆ. ಹಾಯಿದೋಣಿ ಗಾಳಿಗೆ ಎದುರಾಗಿ ಓಡುವಾಗ ಅಷ್ಟು ವಾಲುವುದು ದಿನದ ಮಾತು. ಈಗ ಒಂದು ಮಗ್ ಸುರಿದೆವು, ಏನೂ ಇಲ್ಲ. ಎರಡು. ಮೂರನೇ ಮಗ್ ಅರ್ಧ ಆಗಿತ್ತೋ ಇಲ್ಲವೋ, ಬಕೆಟ್‌ನಲ್ಲಿ ಟಪ್ ಅಂತ ಸದ್ದು. ನಮ್ಮ ಲೇತ್ ನೋಡಿಕೊಳ್ಳುವ ಮಿಸ್ತ್ರಿ ಕೆಲಸ ಬಿಟ್ಟು ಬಂದು ಬಗ್ಗಿ ನೋಡಿದರು. "ಅಣ್ಣಾರ, ಇದು ಮೂಲ್ಯಾಗ ನಿಂದರಾಕತ್ತೇತಿ ನೋಡ್ರಿ. ಉಳದ ಪೆಟಗಿ ಖಾಲಿನ ಐತಿ."

ಅದೇ ವಿಷಯ. ವಾಲಿದಾಗ ನೀರು ಇಡೀ ತಳಕ್ಕೆ ಹರಡುವುದಿಲ್ಲ, ಕೆಳಗಿನ ಮೂಲೆಗೆ ಓಡಿ ಅಲ್ಲಿ ರಾಶಿ ಬೀಳುತ್ತದೆ. ಪೈಪೂ ಅದೇ ಮೂಲೆಯ ಹತ್ತಿರ ಇದ್ದರೆ ಸಮವಾಗಿದ್ದಾಗ ಬೇಕಾಗುವ ನೀರಿನ ಮೂರನೇ ಒಂದು ಪಾಲು ಸಾಕು, ತುಂಬಿ ಒಳಗೆ ಇಳಿಯುತ್ತದೆ. ಒಂದು ಜೋರು ಅಲೆ ಕೌಲ್‌ಗೆ ಬಡಿದರೆ ಒಂದೆರಡು ಲೀಟರ್ ಒಳಗೆ ಬರುವುದು ದೊಡ್ಡ ಮಾತಲ್ಲ. ಮುಂದಿನ ಅಲೆಗೆ ಕೆಲವೇ ಸೆಕೆಂಡು. ಅಷ್ಟರಲ್ಲಿ ಮೊದಲಿನದು ಖಾಲಿ ಆಗಬೇಕು.

ಆಗುತ್ತಾ? ಕೆಳಮೂಲೆಯ 6 ಮಿ.ಮೀ. ತೂತು ಬಿಚ್ಚಿ ಒಂದು ಲೀಟರ್ ಬಿಟ್ಟೆವು. ಒಂದು ನಿಮಿಷ ದಾಟಿದರೂ ಹರಿಯುತ್ತಲೇ ಇತ್ತು. ಕೊನೆಗೆ ಸ್ವಲ್ಪ ನೀರು ತೂತಿನ ಬಾಯಲ್ಲಿ ಪೊರೆಯಂತೆ ನಿಂತುಬಿಟ್ಟಿತು, ಹೋಗಲೇ ಇಲ್ಲ. ಅದನ್ನೇ 20 ಮಿ.ಮೀ. ಮಾಡಿ ಅದೇ ಒಂದು ಲೀಟರ್ ಬಿಟ್ಟರೆ ಹತ್ತು ಸೆಕೆಂಡಿನೊಳಗೆ ಖಾಲಿ. ತೂತಿನ ಅಗಲ ಎರಡು ಪಟ್ಟಾದರೆ ನೀರು ಹೋಗುವ ಜಾಗ ನಾಲ್ಕು ಪಟ್ಟು. ಇಲ್ಲಿ ಮೂರು ಪಟ್ಟಿಗಿಂತ ಜಾಸ್ತಿ, ಅಂದರೆ ಜಾಗ ಹನ್ನೊಂದು ಪಟ್ಟು.

ಈಗ ಪೈಪಿನ ಎತ್ತರ. 6 ಸೆಂ.ಮೀ. ಬದಲು 10 ಸೆಂ.ಮೀ. ತುಂಡು ಹಾಕಿ, ಮತ್ತೆ ತೂತು ಮುಚ್ಚಿ, ಅದೇ ಐದು ಇಟ್ಟಿಗೆ. ಈ ಸಲ ಆರು ಮಗ್ ದಾಟುವವರೆಗೂ ಬಕೆಟ್ ಒಣಗಿತ್ತು. ಎತ್ತರಿಸುವುದಕ್ಕೂ ಒಂದು ಮಿತಿ ಇದೆ. ಪೈಪಿನ ತುದಿಗೂ ಪೆಟ್ಟಿಗೆಯ ಮುಚ್ಚಳಕ್ಕೂ ನಡುವೆ ಪೈಪಿನ ಅಗಲದ ಕಾಲು ಭಾಗವಾದರೂ ಖಾಲಿ ಬೇಕು, ಇಲ್ಲದಿದ್ದರೆ ಗಾಳಿ ಉಸಿರುಗಟ್ಟುತ್ತದೆ. 75 ಮಿ.ಮೀ. ಪೈಪಿಗೆ ಅದು ಸುಮಾರು 2 ಸೆಂ.ಮೀ. ಎರಡರಷ್ಟು ಬಿಟ್ಟರೆ ಇನ್ನೂ ಒಳ್ಳೆಯದು. ನಮ್ಮ ಪೆಟ್ಟಿಗೆಯ ಒಳ ಎತ್ತರ 15 ಸೆಂ.ಮೀ. ಇರುವುದರಿಂದ 5 ಸೆಂ.ಮೀ. ಉಳಿಯಿತು.

ತೂತು ಕೊರೆಯುವಾಗ ಒಂದು ಮಾತು. ಅವು ದೋಣಿಯ ಮುಂಭಾಗಕ್ಕೆ ಮುಖ ಮಾಡಿರಬಾರದು. ಮುಂದಿನಿಂದ ಬರುವ ನೀರು ಅದೇ ತೂತಿನಿಂದ ಒಳಗೆ ನುಗ್ಗುತ್ತದೆ. ಹಿಂದಕ್ಕೆ ಅಥವಾ ಪಕ್ಕಕ್ಕೆ ಇರಲಿ, ತಳಕ್ಕೆ ಸಮವಾಗಿ ಇರಲಿ. ಅರ್ಧ ಸೆಂ.ಮೀ. ಮೇಲೆ ಕೊರೆದರೂ ಅಷ್ಟು ನೀರು ಯಾವಾಗಲೂ ಒಳಗೇ ಕೂತು ಕಟ್ಟಿಗೆ ಕೊಳೆಸುತ್ತದೆ. ನಾವು ಎರಡೂ ಪಕ್ಕದ ಗೋಡೆಗಳಲ್ಲೇ, ಹಿಂದಿನ ಮುಂದಿನ ಮೂಲೆ ಸೇರಿ ನಾಲ್ಕು ಮೂಲೆಗೂ ಕೊಟ್ಟೆವು, ಯಾವ ಕಡೆ ವಾಲಿದರೂ ಒಂದು ಕೆಳಗಿರಲಿ ಅಂತ.

ಇನ್ನೊಂದು ದೋಷ ನಮ್ಮಲ್ಲಿ ಇರಲಿಲ್ಲ, ಆದರೆ ನೋಡಿಕೊಳ್ಳಿ. ಕೆಲವು ಪೆಟ್ಟಿಗೆಗಳಲ್ಲಿ ಕೌಲ್ ಬಾಯಿ ಒಳಪೈಪಿನ ನೆತ್ತಿಯ ಮೇಲೇ ಬರುತ್ತದೆ. ಆಗ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಎರಡರ ನಡುವೆ ದೂರ ಇರಬೇಕು, ಆಗದಿದ್ದರೆ ಅಡ್ಡ ಹಲಗೆಯಾದರೂ ಬೇಕು. ಆ ಅಡ್ಡ ಹಲಗೆಯ ಕೆಳಗೂ ನೀರು ಹೋಗುವ ಸಂದು ಬಿಡಿ.

ಅಷ್ಟಾದರೂ ನಾಲ್ಕು ಹನಿ

ಎರಡು ವಾರ ಬಿಟ್ಟು ಪೆಟ್ಟಿಗೆ ಕೂರಿಸಲು ಹೋದಾಗ, ಬಿಚ್ಚಿದ್ದೇವೆ ಅಂದಮೇಲೆ ಡೆಕ್ ಮೇಲಿನ ಪೈಪಿನ ಬುಡವನ್ನೂ ಪರೀಕ್ಷೆ ಮಾಡೋಣ ಅಂದೆ. ಬುಡದ ಸುತ್ತ ಗೋಧಿ ಹಿಟ್ಟು ನಾದಿ ಬೆರಳೆತ್ತರದ ಕಟ್ಟೆ ಕಟ್ಟಿದೆವು. ಜೋಳದ ಹಿಟ್ಟು ಇದಕ್ಕೆ ನಡೆಯುವುದಿಲ್ಲ, ಬಿರುಕು ಬಿಡುತ್ತದೆ. ರೊಟ್ಟಿ ಬಡಿಯುವವರಿಗೆ ಇದನ್ನು ಹೇಳಬೇಕಾಗಿಲ್ಲ ಬಿಡಿ. ಒಳಗೆ ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು. ಕೆಳಗೆ ಕ್ಯಾಬಿನ್ನಿನಲ್ಲಿ ಪೈಪಿನ ಸುತ್ತ ಮುಖದ ಪೌಡರ್ ಹಚ್ಚಿ ಕೂತೆವು.

ಒಂದು ತಾಸಿಗೆ ಪೌಡರ್ ಮೇಲೆ ಕೂದಲೆಳೆಯಷ್ಟು ನೀಲಿ ಗೆರೆ. ಅದೂ ಪೈಪಿನ ಬುಡದಲ್ಲಲ್ಲ, ಗೇಣು ದೂರದ ಒಂದು ಸ್ಕ್ರೂ ಪಕ್ಕ. ನೀರು ಇಳಿದ ಕಡೆಯೇ ತೊಟ್ಟಿಕ್ಕಬೇಕು ಅಂತೇನಿಲ್ಲ. ಡೆಕ್‌ಗೂ ಒಳಛಾವಣಿಗೂ ನಡುವೆ ಹರಿದು ತನಗೆ ದಾರಿ ಸಿಕ್ಕ ಕಡೆ ಇಳಿಯುತ್ತದೆ. ಬಣ್ಣ ಹಾಕದಿದ್ದರೆ ಆ ಸ್ಕ್ರೂಗೇ ಸಿಲಿಕಾನ್ ಬಳಿದು ಕೂರುತ್ತಿದ್ದೆವು.

ಬುಡದ ಪಟ್ಟಿ ಬಿಚ್ಚಿದೆವು. ಕೆಳಗೆ ಹಳೆಯ ಸಿಲಿಕಾನ್ ಹಾಳೆಯಂತೆ ಎದ್ದಿತ್ತು. ಸಿಲಿಕಾನಿನ ದೊಡ್ಡ ತೊಂದರೆ ಏನೆಂದರೆ ಅದು ಇದ್ದ ಜಾಗಕ್ಕೆ ಆಮೇಲೆ ಬಣ್ಣವೂ ಕೂರುವುದಿಲ್ಲ, ಬೇರೆ ಸೀಲಂಟೂ (ಸಂದು ಮುಚ್ಚುವ ಅಂಟು) ಕೂರುವುದಿಲ್ಲ. ಕೆರೆದು, ಪಾಲಿಶ್ ಪೇಪರ್ ಹಾಕಿ ಉಜ್ಜಿ, ಸಾಲ್ವೆಂಟ್‌ನಲ್ಲಿ ಒರೆಸಿ, ಮತ್ತೆ ಉಜ್ಜಬೇಕು. ಅರ್ಧ ದಿನ ಇದಕ್ಕೇ ಹೋಯಿತು.

ಇಂತಹ ಡೆಕ್ ಹೆಚ್ಚಾಗಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಕಟ್ಟಿಗೆ ಇಟ್ಟು ಮಾಡಿರುತ್ತಾರೆ. ಸ್ಕ್ರೂ ತೂತಿನಿಂದ ನೀರು ಆ ಕಟ್ಟಿಗೆಗೆ ಇಳಿದರೆ ಅದು ಕೊಳೆಯುತ್ತದೆ. ಹಾಸಿಗೆ ಒದ್ದೆಯಾದದ್ದು ಅದರ ಮುಂದೆ ಏನೂ ಅಲ್ಲ. ಸ್ಕ್ರೂಡ್ರೈವರ್ ಹಿಡಿಕೆಯಿಂದ ಸುತ್ತಲೂ ಬಡಿದು ನೋಡಿ. ಸಂತೆಯಲ್ಲಿ ಮಡಿಕೆ ಬಡಿದು ಕೊಳ್ಳುತ್ತೇವಲ್ಲ, ಹಾಗೆ. ಟಣ್ ಅಂದರೆ ಗಟ್ಟಿ ಇದೆ, ಬದ್ ಅಂದರೆ ಕೊಳೆತಿದೆ. ನಮ್ಮದು ಟಣ್ ಅಂದಿತು. ಸ್ಕ್ರೂ ತೂತುಗಳನ್ನು ದೊಡ್ಡದು ಮಾಡಿ, ಒಳಗಿನ ಕಟ್ಟಿಗೆ ಪೂರಾ ಒಣಗಿಸಿ, ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ಅದರ ಮಧ್ಯೆ ಹೊಸ ತೂತು ಕೊರೆದೆವು. ಇನ್ನು ಮುಂದೆ ಸೀಲಂಟ್ ಕೈಕೊಟ್ಟರೂ ನೀರಿಗೆ ಸಿಗುವುದು ಎಪಾಕ್ಸಿ, ಬಾಲ್ಸಾ ಅಲ್ಲ.

ಸೀಲಂಟ್ ಯಾವುದು? ಮುಂದೆ ಮತ್ತೆ ಬಿಚ್ಚುವ ವಸ್ತುವಾದರೆ ಪಾಲಿಸಲ್ಫೈಡ್. ಪಾಲಿಯುರೆಥೇನ್ ತುಂಬ ಗಟ್ಟಿಯಾಗಿ ಹಿಡಿಯುತ್ತದೆ, ಬಿಚ್ಚುವಾಗ ಡೆಕ್‌ನ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಪಾಲಿಸಲ್ಫೈಡ್ ಕೆಲವು ಪ್ಲಾಸ್ಟಿಕ್‌ಗಳನ್ನು ತಿನ್ನುತ್ತದೆ. ಹಾಗಾಗಿ ಬುಡ ಪ್ಲಾಸ್ಟಿಕ್ಕಿನದಾದರೆ ಬ್ಯುಟೈಲ್ ಟೇಪ್ ಹಾಕಿ. ಸ್ಕ್ರೂಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಗಿಯಬೇಡಿ. ಸೀಲಂಟ್ ಎಲ್ಲಾ ಹೊರಗೆ ಹಿಂಡಿಹೋಗಿ ನಡುವೆ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ಸುತ್ತಲೂ ಮಣಿ ಪೋಣಿಸಿದಂತೆ ಕಂಡಾಗ ನಿಲ್ಲಿಸಿ, ಗಟ್ಟಿಯಾದ ಮೇಲೆ ಕೊನೆಯ ತಿರುವು ಕೊಡಿ.

ಕೌಲ್ ತಿರುಗಿಸುವ ಅಭ್ಯಾಸ

ಲಂಗರು ಹಾಕಿದ ದೋಣಿ ತಾನಾಗೇ ಗಾಳಿಗೆ ಮುಖ ಮಾಡುತ್ತದೆ. ಅಂದರೆ ಮುಂದಕ್ಕೆ ತಿರುಗಿದ ಕೌಲ್ ಮಳೆಗೂ ಮುಖ ಕೊಟ್ಟು ನಿಂತಿರುತ್ತದೆ. ಜೋರು ಮಳೆ ಬಂದರೆ ಹಿಂದಕ್ಕೆ ತಿರುಗಿಸಿ. ಗಾಳಿ ಆಗಲೂ ಆಡುತ್ತದೆ, ಒಳಗಿನದು ಹೊರಗೆ ಹೋಗುತ್ತದೆ ಅಷ್ಟೇ ವ್ಯತ್ಯಾಸ. ತಿರುಗಿಸಲು ಬಾರದಷ್ಟು ಬಿಗಿಯಾಗಿದ್ದರೆ ಉಂಗುರಕ್ಕೆ ಸ್ವಲ್ಪ ಗ್ರೀಸ್ ಸಾಕು.

ಇಡೀ ಅಲೆಯೇ ಡೆಕ್ ಮೇಲೆ ಹತ್ತುವ ಹವೆಯಲ್ಲಿ ಯಾವ ಪೆಟ್ಟಿಗೆಯೂ ತಡೆಯುವುದಿಲ್ಲ. ಆಗ ಕೌಲ್ ತೆಗೆದು ಆ ಬಾಯಿಗೆ ತಿರುಪಿನ ಮುಚ್ಚಳ ಹಾಕಬೇಕು. ಆ ಮುಚ್ಚಳ ಎಲ್ಲಿದೆ ಅಂತ ಮಾಮಾನಿಗೆ ಕೇಳಿದೆ. ಹುಡುಕಲು ಅರ್ಧ ತಾಸು ಬೇಕಾಯಿತು, ಒಂದು ಸಿಕ್ಕಿತು, ಇನ್ನೊಂದು ಇಲ್ಲ. ಅದನ್ನು ನಮ್ಮ ಮಿಸ್ತ್ರಿ ಲೇತಿನಲ್ಲಿ ನೈಲಾನ್ ರಾಡಿನಿಂದ ಮಾಡಿಕೊಟ್ಟರು.

ಮುಚ್ಚಳ ಹಾಕಿದ ಮೇಲೆ ಒಂದು ಅಪಾಯ ಇದೆ. ಎಲ್ಲಾ ಕಿಂಡಿ ಮುಚ್ಚಿದ ಕ್ಯಾಬಿನ್ನಿನಲ್ಲಿ ಚಹಾ ಮಾಡೋಣ ಅಂತ ಗ್ಯಾಸ್ ಒಲೆ ಹಚ್ಚಿದರೆ ಕಾರ್ಬನ್ ಮೋನಾಕ್ಸೈಡ್ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದಕ್ಕೇ ಎರಡೂ ಮುಚ್ಚಳಕ್ಕೆ ಒಂದೊಂದು ಕೆಂಪು ದಾರ ಕಟ್ಟಿದ್ದೇವೆ. ಮುಚ್ಚಳ ಮೇಲೆ ಹೋದಾಗ ದಾರ ಬಿಚ್ಚಿ ಒಲೆಯ ಗುಂಡಿಗೆ ಕಟ್ಟುವುದು. ಮುಚ್ಚಳ ಕೆಳಗೆ ಬಂದಾಗಲೇ ಅದನ್ನು ಒಲೆಯಿಂದ ತೆಗೆಯುವುದು.